ಹೋಟೆಲ್ ವೃತ್ತಿಯ ಪ್ರವೇಶವೂ ವಿದ್ಯಾರ್ಥಿಗಳ ವೃತ್ತಿಸಂಘವೂ

ಕುಮಟಾ ತಾಲೂಕಿನ ಕಾಗಾಲವು ಅಘನಾಶಿನಿಯ ಅಳಿವೆಯ ಬಳಿಯ ಗ್ರಾಮ. ಗಜನಿಯ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತ, ಅಳಿವೆಯ ಮೀನು, ಬಳಚು, ಇವು ಆ ಪ್ರದೇಶದ ಸಂಪತ್ತು. ಹೊಳೆಯ ಆಚೆಗೆ ತದಡಿ. ಅದರ ಮುಂದೆ, ಯಾತ್ರಿಕರಿಗೂ ವಿಹಾರಾರ್ಥಿಗಳಿಗೂ ಸಮಾನವಾಗಿ ಪ್ರಿಯವಾದ ಗೋಕರ್ಣ. ಇಂಥ ಊರಿನ ವಿದ್ಯಾರ್ಥಿಯು ಅಥವಾ ವಿದ್ಯಾರ್ಥಿನಿಯು ಆತಿಥ್ಯೋದ್ಯಮವನ್ನೇ ವೃತ್ತಿಯಾಗಿ ಕೈಗೊಳ್ಳಬಯಸಿದರೆ ಬಾಗಿಲನ್ನು ತೆರೆಯುವವರು ಯಾರು? ಇದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಕರಾವಳಿಯ ಹುಡುಗನು ಊರವರೊಬ್ಬರ ಕೈ ಹಿಡಿದು ಮುಂಬಯಿಗೋ ಮದರಾಸಿಗೋ ಹೋಗುತ್ತಿದ್ದನು. ಪಾತ್ರೆ ತೊಳೆಯುವಲ್ಲಿಂದ ಮೊದಲ್ಗೊಂಡು ಗಲ್ಲಾದವರೆಗೆ ಏರುವುದು ಅಂದಿನ ಕ್ರಮ. ಅಡುಗೆಮನೆಯ ಕೆಲಸದಿಂದ ಆರಂಭಿಸಿದ ಕಡಂದಲೆ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಮುಂಬಯಿಯಲ್ಲಂತೂ ಕನ್ನಡಿಗರ ಜಾತಿಸಂಘಗಳು ರಾತ್ರಿಶಾಲೆಗಳನ್ನು ನಡೆಸಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಅಕ್ಷರವನ್ನೂ ಆಶ್ರಯವನ್ನೂ ಒದಗಿಸಿದವು. ಅವುಗಳ ಉಪಕಾರವನ್ನು ಕಡಮೆಯೆಂದು ಎಣಿಸಲಾಗದು. ಆದರೆ ಆ ಬಾಗಿಲು ಬಂಧುಬಳಗವುಳ್ಳವರಿಗೆ ತೆರೆದಷ್ಟು ಇತರರಿಗೆ ತೆರೆಯಲಿಲ್ಲ. ಹೆಣ್ಣುಮಕ್ಕಳಿಗಂತೂ ಅದು ಬಹುಮಟ್ಟಿಗೆ ಮುಚ್ಚಿಯೇ ಇತ್ತು.

ಇಂದು ದಾರಿ ಬೇರೆಯಾಗಿದೆ. ಹೋಟೆಲ್ ಶಿಕ್ಷಣದ ರಾಷ್ಟ್ರೀಯ ಮಂಡಲಿಯು 1982ರಲ್ಲಿ ಸ್ಥಾಪಿತವಾಯಿತು. ಮಣಿಪಾಲದಲ್ಲಿ ವೆಲ್‌ಕಂಗ್ರೂಪ್ ಸಹಯೋಗದ ವಿದ್ಯಾಲಯವು 1986ರಲ್ಲಿ ಹುಟ್ಟಿತು. ಪಾಕಶಾಲೆ, ಬಡಿಸುವಿಕೆ, ಸ್ವಾಗತ ಕಚೇರಿ, ಕೋಣೆಗಳ ನಿರ್ವಹಣೆ ಎಂಬ ನಾಲ್ಕು ವಿಭಾಗಗಳನ್ನೂ ಅಲ್ಲಿ ಕಲಿಸುತ್ತಾರೆ. ಆದರೆ ಪದವಿಯೊಂದೇ ಪರಿಚಯವನ್ನು ತಂದುಕೊಡಲಾರದು. ಊರವರ ಕೈ ಬಿಟ್ಟುಹೋದ ಸ್ಥಳದಲ್ಲಿ ವೃತ್ತಿಸಂಘವು ಕೈ ನೀಡಬೇಕಾಗುತ್ತದೆ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಅಲ್ಲಿ 1922ರಲ್ಲಿ ಹೋಟೆಲ್ ಶಿಕ್ಷಣವು ಆರಂಭವಾಯಿತು. 1926ರಲ್ಲಿ ವಿದ್ಯಾರ್ಥಿಗಳು ‘ಹೋಟೆಲ್ ಎಜ್ರಾ ಕಾರ್ನೆಲ್’ ಎಂಬ ಹೆಸರಿನಿಂದ ಅಲ್ಪಕಾಲದ ಹೋಟೆಲೊಂದನ್ನು ತಾವೇ ನಡೆಸಿ, ಉದ್ಯಮದ ಹಿರಿಯರನ್ನು ಅತಿಥಿಗಳಾಗಿ ಕರೆದರು. ಮರುವರ್ಷ ಬಂದವರಲ್ಲಿ ಎಲ್ಸ್‌ವರ್ತ್ ಸ್ಟಾಟ್ಲರ್ ಒಬ್ಬರು. ಹೋಟೆಲಿನವನು ಶಾಲೆಯಲ್ಲಿ ತಯಾರಾಗಲಾರನೆಂಬುದು ಅವರ ದೃಢವಾದ ಅಭಿಪ್ರಾಯ. ವಿದ್ಯಾರ್ಥಿಗಳ ಕೆಲಸವನ್ನು ಕಣ್ಣಾರೆ ಕಂಡಮೇಲೆ ಅವರು ಆ ಶಿಕ್ಷಣದ ಪೋಷಕರಾದರು. ಅಧ್ಯಾಪಕರ ವಾದವು ಸಾಧಿಸಲಾರದುದನ್ನು ಒಂದು ಊಟದ ವ್ಯವಸ್ಥೆಯು ಸಾಧಿಸಿತು! ಅದೇ ಕಾರ್ನೆಲ್ಲಿನಲ್ಲಿ 1989ರಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಆತಿಥ್ಯೋದ್ಯಮ ಸಂಘವೊಂದು ಹುಟ್ಟಿತು. ಉದ್ಯಮದಲ್ಲಿ ತಮ್ಮವರೆಂಬವರು ವಿರಳವಾಗಿದ್ದವರಿಗೆ ಅದು ವಾರ್ಷಿಕ ಸಮ್ಮೇಳನದಲ್ಲಿ ನೌಕರಿ ಕೊಡುವವರ ಭೇಟಿಯನ್ನು ಒದಗಿಸುತ್ತದೆ. ಕಾಗಾಲದ ವಿದ್ಯಾರ್ಥಿಯ ಸ್ಥಿತಿಯು ಇದಕ್ಕಿಂತ ಬಹಳ ಭಿನ್ನವೇನಲ್ಲ.

ಸಂಘದ ಪ್ರಯೋಜನವು ಸದಸ್ಯತ್ವದ ಚೀಟಿಯಲ್ಲಿ ಇಲ್ಲ. ನೂರು ಜನರ ಊಟಕ್ಕೆ ಸಾಮಾನಿನ ಅಂದಾಜು ಮಾಡಿದವನು, ದರ ವಿಚಾರಿಸಿದವನು, ಮೀನು ತಡವಾಗಿ ಬಂದಾಗ ಊಟದ ಪಟ್ಟಿಯನ್ನೇ ತಿದ್ದಿದವನು, ಕೊನೆಗೆ ಲೆಕ್ಕ ಒಪ್ಪಿಸಿದವನು ಸಂದರ್ಶನದಲ್ಲಿ ಹೇಳಲು ಏನನ್ನಾದರೂ ಉಳ್ಳವನು. ಅಂಥ ಸಮಾರಂಭಕ್ಕೆ ಬಂದ ವ್ಯವಸ್ಥಾಪಕನು ಮುಂದೆ ತರಬೇತಿಗೆ ಅಭ್ಯರ್ಥಿಗಳನ್ನು ಆರಿಸುವಾಗ ಅವನನ್ನು ಹೆಸರಿನಿಂದ ಬಲ್ಲನು. ವೃತ್ತಿಯ ಕಷ್ಟಗಳೂ, ಅಂದರೆ ರಾತ್ರಿಯ ಪಾಳಿ, ಹಬ್ಬದ ದಿನದ ದುಡಿಮೆ, ಆರಂಭದ ಅಲ್ಪ ವೇತನ, ಹಿರಿಯ ಸದಸ್ಯರ ಬಾಯಿಂದ ಮೊದಲೇ ತಿಳಿಯುತ್ತವೆ. ಇವನ್ನರಿತು ಹಿಂದೆ ಸರಿದವನಿಗೂ ಸಂಘವು ಉಪಕಾರವನ್ನೇ ಮಾಡಿದಂತಾಯಿತು.

ನಮ್ಮಲ್ಲಿ ಹೋಟೆಲ್ ಮಾಲಿಕರ ಅಖಿಲ ಭಾರತ ಒಕ್ಕೂಟವು 1955ರಿಂದಲೂ ಉಂಟು. ಆದರೆ ಮಾಲಿಕರ ಸಂಘವು ವಿದ್ಯಾರ್ಥಿಗಳ ಸಂಘವಾಗಲಾರದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಈಚೆಗೆ ಶಾಲಾಕಾಲೇಜುಗಳಲ್ಲಿ ಪ್ರೋತ್ಸಾಹಿಸಿರುವ ಯುವ ಪ್ರವಾಸೋದ್ಯಮ ಕ್ಲಬ್ಬುಗಳು ದೇಶದ ಪರಿಚಯಕ್ಕೆ ಒಳ್ಳೆಯವು. ವೃತ್ತಿಯ ಪರಿಚಯಕ್ಕೆ ಅವನ್ನು ಇನ್ನೂ ಬಗ್ಗಿಸಿಕೊಳ್ಳಬೇಕು. ಹೋಟೆಲ್ ಶಿಕ್ಷಣವಿಲ್ಲದ ಸಾಮಾನ್ಯ ಕಾಲೇಜಿನಲ್ಲಿಯೂ ಇದು ಅಸಾಧ್ಯವಲ್ಲ. ಮಳೆಗಾಲದಲ್ಲಿ ಗೋಕರ್ಣದ ಕಡಲತೀರದಲ್ಲಿ ಪ್ರವಾಸಿಗಳ ಸಂದಣಿ ಇಳಿಯುತ್ತದೆ. ವಸತಿಗೃಹಗಳ ವ್ಯವಸ್ಥಾಪಕರಿಗೆ ಬಿಡುವು ದೊರೆಯುವ ಕಾಲ ಅದು. ಆಗ ಕುಮಟೆಯ ವಿದ್ಯಾರ್ಥಿಗಳು ಅವರನ್ನು ಒಂದು ಮಧ್ಯಾಹ್ನ ಕರೆದು, ಕಗ್ಗದ ಅನ್ನವನ್ನೂ ಬಳಚಿನ ಪದಾರ್ಥವನ್ನೂ ತಾವೇ ಬಡಿಸಿ, ಪ್ರತಿಯೊಂದು ಎಲೆಗೂ ತಗುಲಿದ ವೆಚ್ಚವನ್ನು ಅವರ ಮುಂದೆಯೇ ಲೆಕ್ಕಹಾಕಿ ತೋರಿಸಬಹುದು.