ಎಲುಬಿಗೆ ಎರಡು ಕಂಟಕ

ಮನೆಯಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು “ಮೂಳೆಯೆಲ್ಲ ನೋಯುತ್ತದಪ್ಪಾ” ಎಂದರೆ ನಮ್ಮ ಉತ್ತರ ಸಿದ್ಧವಾಗಿಯೇ ಇರುತ್ತದೆ: “ವಯಸ್ಸಾಯಿತಲ್ಲ, ವಾಯು ಇರಬೇಕು.” ಒಂದು ಕಾರಣ ಸಿಕ್ಕಿತೆಂದರೆ ಇನ್ನೊಂದನ್ನು ಹುಡುಕದಿರುವುದು ಮನುಷ್ಯಸ್ವಭಾವ. ಈ ಸ್ವಭಾವ ಎಷ್ಟು ಅಪಾಯಕಾರಿಯೆಂಬುದಕ್ಕೆ ಎರಡು ರೋಗಗಳ ಕಥೆ ಸಾಕ್ಷಿಯಾಗಿದೆ.

ನಮ್ಮ ಎಲುಬು ಕಲ್ಲುಕಂಬದಂತೆ ಜಡವಾದುದಲ್ಲ. ಹಳೆಯದನ್ನು ಕೆಡವುವ ಜೀವಕಣಗಳೂ ಹೊಸದನ್ನು ಕಟ್ಟುವ ಜೀವಕಣಗಳೂ ಅದರಲ್ಲಿ ಜೀವಮಾನವಿಡೀ ದುಡಿಯುತ್ತವೆ. ಕೆಲವರಿಗೆ, ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ, ಒಂದೆರಡು ಎಲುಬುಗಳಲ್ಲಿ ಈ ಕೆಲಸ ಅಂಕೆ ಮೀರುತ್ತದೆ. ಕೆಡವುವುದೂ ಅವಸರ, ಕಟ್ಟುವುದೂ ಅವಸರ. ಎದ್ದ ಗೋಡೆ ದಪ್ಪ, ಆದರೆ ಗಟ್ಟಿಯಲ್ಲ. ಕಾಲಿನ ಎಲುಬು ಬಿಲ್ಲಿನಂತೆ ಬಾಗಬಹುದು, ತಲೆಬುರುಡೆ ಹಿಗ್ಗಬಹುದು. ಲಂಡನ್ನಿನ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ 1877ರಲ್ಲಿ ವರ್ಣಿಸಿದ ರೋಗಿಗೆ ವರ್ಷ ಕಳೆದಂತೆ ದೊಡ್ಡ ಹ್ಯಾಟೇ ಬೇಕಾಗುತ್ತ ಹೋಯಿತು. ರೋಗಕ್ಕೆ ಆ ವೈದ್ಯನ ಹೆಸರೇ ನಿಂತಿತು. ಇಂಗ್ಲೆಂಡಿನಲ್ಲಿ ಪರಿಚಿತವಾದ ಇದು ನಮ್ಮಲ್ಲಿ ವಿರಳ.

ಎರಡನೆಯ ಕಂಟಕದ ಮೂಲ ಕೊರಳಿನಲ್ಲಿದೆ. ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಸಾಮಾನ್ಯವಾಗಿ ಕಾಳಿನ ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಇಂಥ ಗ್ರಂಥಿಯನ್ನು ರಿಚರ್ಡ್ ಓವೆನ್ ಕಂಡದ್ದು ಮನುಷ್ಯನಲ್ಲಲ್ಲ. 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗದಲ್ಲಿ! ಮನುಷ್ಯನಲ್ಲಿ ಇವುಗಳನ್ನು 1880ರಲ್ಲಿ ವಿವರಿಸಿದವನು ಸ್ವೀಡನ್ನಿನ ಈವಾರ್ ಸ್ಯಾಂಡ್‌ಸ್ಟ್ರಮ್. ರಕ್ತದಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಕುಗ್ಗದಂತೆ ಕಾಯುವುದು ಇವುಗಳ ಕರ್ತವ್ಯ. ಒಂದು ಗ್ರಂಥಿ ಗಂಟಾಗಿ ಬೆಳೆದು ಅತಿಯಾಗಿ ಸ್ರವಿಸಿತೋ, ಕಾವಲುಗಾರನೇ ಕಣಜ ದೋಚಿದಂತಾಯಿತು. ಎಲುಬಿನ ಕ್ಯಾಲ್ಸಿಯಂ ರಕ್ತಕ್ಕೆ ಹರಿಯುತ್ತದೆ. ಮೂತ್ರಪಿಂಡದಲ್ಲಿ ಕಲ್ಲು, ಬಾಯಾರಿಕೆ, ಮಲಬದ್ಧತೆ, ಮನಸ್ಸಿನ ಮಂಕು ಕಾಣಿಸಿಕೊಳ್ಳಬಹುದು.

1925ರಲ್ಲಿ ವಿಯೆನ್ನಾ ನಗರದ ಟ್ರಾಮ್ ಕಂಡಕ್ಟರನೊಬ್ಬನು ಎಲುಬುಗಳು ಸವೆದು, ಮುರಿದು, ಹಾಸಿಗೆ ಹಿಡಿದಿದ್ದನು. ಎಲುಬಿನ ರೋಗಕ್ಕೆ ನೆರವಾಗಲೆಂದೇ ಈ ಗ್ರಂಥಿ ಊದುತ್ತದೆಂದು ಅಂದಿನ ಅನೇಕರ ನಂಬಿಕೆ. ಅದರಂತೆ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ ಬೇರೊಂದು ಗ್ರಂಥಿಯನ್ನೇ ತಂದು ಕಸಿಮಾಡಿದನು, ಗುಣ ಕಾಣಲಿಲ್ಲ. ಆಗ ಆತನು ಕೊರಳು ತೆರೆದು, ಅಲ್ಲಿದ್ದ ಗಂಟನ್ನು ತೆಗೆದನು. ನೋವು ಇಳಿಯಿತು, ರೋಗಿ ಮತ್ತೆ ನಡೆದಾಡಿದನು. ವರ್ಷಗಳ ಬಳಿಕ ರೋಗ ಮರುಕಳಿಸಿತಾದರೂ, ನೆರವೆಂದುಕೊಂಡದ್ದೇ ಮೂಲಕಾರಣವೆಂಬುದು ಅಂದು ಬಯಲಾಯಿತು.

ಇವೆರಡೂ ಒಂದೇ ದೇಹದಲ್ಲಿ ಕೂಡಿದರೇನು ಗತಿ? ಎರಡರಲ್ಲೂ ಎಲುಬು ನೋಯಬಹುದು. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರಬಹುದು. ಪ್ಯಾಜೆಟ್ ರೋಗವೆಂದು ತಿಳಿದ ಕೂಡಲೇ ಎಲ್ಲ ತಪ್ಪನ್ನೂ ಅದರ ತಲೆಗೇ ಕಟ್ಟುವುದು ಸುಲಭ. ಆದರೆ ಸುಳಿವೊಂದಿದೆ. ಪ್ಯಾಜೆಟ್ ರೋಗವೊಂದೇ ಇದ್ದರೆ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಮಟ್ಟದಲ್ಲೇ ಇರುತ್ತದೆ. ರೋಗಿ ಅಲುಗಾಡದೆ ಮಲಗಿದ್ದರೆ ಅದು ಏರಬಹುದು; ಆಗ ಪ್ಯಾರಾಥೈರಾಯ್ಡ್ ರಸ ತಗ್ಗುತ್ತದೆ. ಕ್ಯಾಲ್ಸಿಯಂ ಏರಿಯೂ ಆ ರಸ ತಗ್ಗದಿದ್ದರೆ ಕೊರಳಿನ ಗ್ರಂಥಿಯತ್ತ ನೋಡಬೇಕು. ಗಂಟಿಗೆ ಶಸ್ತ್ರಚಿಕಿತ್ಸೆಯುಂಟು, ಪ್ಯಾಜೆಟ್ ರೋಗವನ್ನು ಹತ್ತಿಕ್ಕಲು ರಕ್ತನಾಳದ ಮೂಲಕ ಕೊಡುವ ಜೋಲೆಡ್ರಾನಿಕ್ ಆಮ್ಲದಂತಹ ಔಷಧವುಂಟು. ಗಂಟು ತೆಗೆದ ಮೇಲೆ ಕೆಲವರಲ್ಲಿ ಪ್ಯಾಜೆಟ್ ರೋಗದ ಆರ್ಭಟವೂ ತಗ್ಗಿದುದುಂಟು.

ಎಲ್ಲ ನೋವೂ ಇಂಥ ರೋಗವೆಂದು ಓದುಗರು ಗಾಬರಿಯಾಗಬೇಕಾಗಿಲ್ಲ. ಆದರೆ ಮನೆಯ ಹಿರಿಯರು ಬಿಡದೆ ನರಳುತ್ತಿದ್ದರೆ, “ವಯಸ್ಸಾಯಿತು” ಎಂದು ಮಾತು ಮುಗಿಸುವ ಮುನ್ನ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯೋಣ. “ರಕ್ತದ ಕ್ಯಾಲ್ಸಿಯಂ ನೋಡಬೇಕೆ?” ಎಂದು ಕೇಳೋಣ. ವಯಸ್ಸಿಗೆ ಮದ್ದಿಲ್ಲ, ಆದರೆ ವಯಸ್ಸಿನ ಮರೆಯಲ್ಲಿ ಅಡಗಿದ ರೋಗಕ್ಕೆ ಮದ್ದಿರಬಹುದು.