ಜನಪ್ರಿಯತೆಯಿದ್ದೂ ನಿಲ್ಲುವ ಧಾರಾವಾಹಿಗಳು: ಅಮೆರಿಕದ ಕಿರುತೆರೆಯ ವ್ಯಾಪಾರ ಲೆಕ್ಕ

2004ರ ಮೇ 6ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ಫ್ರೆಂಡ್ಸ್’ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾದಾಗ ಅದನ್ನು ಸುಮಾರು 5.25 ಕೋಟಿ ಜನರು ವೀಕ್ಷಿಸಿದರು. ಆ ರಾತ್ರಿಯ ಅರ್ಧ ನಿಮಿಷದ ಜಾಹೀರಾತಿನ ದರ ಸುಮಾರು 20 ಲಕ್ಷ ಡಾಲರ್ ಎಂದು ಅಂದಿನ ಪತ್ರಿಕೆಗಳು ವರದಿ ಮಾಡಿದ್ದವು. ಇಷ್ಟು ಬೇಡಿಕೆಯಿರುವ ಸರಕನ್ನು ಯಾವ ವರ್ತಕನೂ ತಾನಾಗಿ ಅಂಗಡಿಯಿಂದ ತೆಗೆಯಲಾರ. ಆದರೂ ಹತ್ತು ವರ್ಷ ನಡೆದ ಆ ಧಾರಾವಾಹಿ 236 ಕಂತುಗಳಿಗೆ ಮುಕ್ತಾಯವಾಯಿತು. ಕಲಾವಿದರಿಗೆ ಬೇರೆ ಕೆಲಸಗಳತ್ತ ಸಾಗುವ ಇಚ್ಛೆಯಿದ್ದುದು ಒಂದು ಕಾರಣವಾದರೆ, ಲೆಕ್ಕಪುಸ್ತಕ ಮತ್ತೊಂದು ಕಾರಣವಾಗಿತ್ತು. ಮೊದಲ ವರ್ಷ ಪ್ರತಿ ಕಂತಿಗೆ 22,500 ಡಾಲರ್ ಪಡೆಯುತ್ತಿದ್ದ ಆರು ಮಂದಿ ಪ್ರಧಾನ ಕಲಾವಿದರು ಕೊನೆಯ ಎರಡು ವರ್ಷಗಳಲ್ಲಿ ತಲಾ 10 ಲಕ್ಷ ಡಾಲರ್ ಪಡೆಯುತ್ತಿದ್ದರು. ಅಂದರೆ, ಕ್ಯಾಮೆರಾ ಚಾಲನೆಗೊಳ್ಳುವ ಮೊದಲೇ ಒಂದು ಕಂತಿನ ಮೇಲೆ 60 ಲಕ್ಷ ಡಾಲರ್ ವೆಚ್ಚ ಕುಳಿತಿರುತ್ತಿತ್ತು. ಅಂತಿಮ ವರ್ಷದಲ್ಲಿ ಕಂತುಗಳ ಸಂಖ್ಯೆಯನ್ನೂ 18ಕ್ಕೆ ಇಳಿಸಲಾಯಿತು.

ಧಾರಾವಾಹಿಯೊಂದು ನಿಂತಿತೆಂದರೆ ಜನ ಅದನ್ನು ನೋಡುತ್ತಿರಲಿಲ್ಲ ಎಂದು ಭಾವಿಸುವುದು ಸಾಮಾನ್ಯ. ಈ ಉದ್ಯಮದ ಒಳಗಿನ ಏರ್ಪಾಡನ್ನು ಪರಿಶೀಲಿಸಿದರೆ ಈ ಭಾವನೆ ಅರ್ಧ ಸತ್ಯ ಮಾತ್ರವೆಂಬುದು ಸ್ಪಷ್ಟವಾಗುತ್ತದೆ. ತಯಾರಿಕೆಯ ಕೊರತೆಯನ್ನು ಯಾರು ಭರಿಸುತ್ತಾರೆ, ಮರುಪ್ರಸಾರದ ಹಕ್ಕು ಯಾರ ಕೈಯಲ್ಲಿದೆ ಎಂಬ ಎರಡು ಪ್ರಶ್ನೆಗಳೇ ಅನೇಕ ವೇಳೆ ಧಾರಾವಾಹಿಯ ಆಯುಷ್ಯವನ್ನು ನಿರ್ಧರಿಸುತ್ತವೆ.

ಕೊರತೆಯ ವ್ಯಾಪಾರ

ಅಮೆರಿಕದ ಸಾಂಪ್ರದಾಯಿಕ ಪದ್ಧತಿಯಲ್ಲಿ ವಾಹಿನಿಯು ಧಾರಾವಾಹಿಯನ್ನು ಸ್ವಂತಕ್ಕೆ ಕೊಳ್ಳುವುದಿಲ್ಲ; ನಿಗದಿತ ಬಾರಿ ಪ್ರಸಾರ ಮಾಡುವ ಹಕ್ಕನ್ನಷ್ಟೇ ಪರವಾನಗಿ ಶುಲ್ಕ ತೆತ್ತು ಪಡೆಯುತ್ತದೆ. ಆರಂಭದ ವರ್ಷಗಳಲ್ಲಿ ಈ ಶುಲ್ಕ ತಯಾರಿಕಾ ವೆಚ್ಚಕ್ಕಿಂತ ಕಡಿಮೆಯಿರುವುದೇ ವಾಡಿಕೆ. ಉಳಿದ ಹಣವನ್ನು ತಯಾರಿಕಾ ಸಂಸ್ಥೆ ತನ್ನ ಕಿಸೆಯಿಂದ ಹಾಕಬೇಕು. ಯಂತ್ರವನ್ನು ಅಸಲಿಗಿಂತ ಕಡಿಮೆ ಬೆಲೆಗೆ ಕೊಟ್ಟು ಬಿಡಿಭಾಗಗಳ ಮಾರಾಟದಲ್ಲಿ ಲಾಭ ಕಾಣುವ ಉದ್ಯಮಿಯ ಲೆಕ್ಕಾಚಾರವೇ ಇಲ್ಲಿಯದೂ ಆಗಿದೆ. ಇಲ್ಲಿ ಬಿಡಿಭಾಗವೆಂದರೆ ಮರುಪ್ರಸಾರ. ಸ್ಥಳೀಯ ಕೇಂದ್ರಗಳು ವಾರಕ್ಕೆ ಐದು ದಿನ ಹಳೆಯ ಕಂತುಗಳನ್ನು ತೋರಿಸುವುದರಿಂದ, ನೂರು ಕಂತುಗಳಿದ್ದರೆ ಇಪ್ಪತ್ತು ವಾರಗಳವರೆಗೆ ಯಾವ ಕಂತೂ ಪುನರಾವರ್ತನೆಯಾಗದು. ಆದ್ದರಿಂದಲೇ ನೂರು ಎಂಬುದು ಈ ಉದ್ಯಮದಲ್ಲಿ ಮಾಂತ್ರಿಕ ಸಂಖ್ಯೆಯಾಯಿತು. ವರ್ಷಕ್ಕೆ 22ರಿಂದ 24 ಕಂತುಗಳಂತೆ ಅಲ್ಲಿಗೆ ತಲುಪಲು ನಾಲ್ಕೈದು ವರ್ಷ ಬೇಕು. ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ನಿಂತ ಧಾರಾವಾಹಿ ತಯಾರಕರಿಗೆ ಉಳಿಸುವುದು ಸಾಲವನ್ನು ಮಾತ್ರ.

ಈ ಮಾತಿಗೆ ಪ್ರಸಿದ್ಧ ಅಪವಾದವೂ ಇದೆ, ಮತ್ತು ಆ ಅಪವಾದದ ಕಥೆ ನಿಯಮಕ್ಕಿಂತ ಹೆಚ್ಚು ಬೋಧಪ್ರದವಾಗಿದೆ. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿಯಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಅನ್ನು ನಿರ್ಮಿಸಿದ್ದು ನಟಿ ಲೂಸಿಲ್ ಬಾಲ್ ಅವರ ಒಡೆತನದ ಡೆಸಿಲು ಸಂಸ್ಥೆ. ಅಂತರಿಕ್ಷ ನೌಕೆಯನ್ನು ಪ್ರತಿವಾರ ಹೊಸ ಗ್ರಹದ ಮೇಲೆ ಇಳಿಸುವ ದೃಶ್ಯಕ್ಕೆ ಹಣ ಸಾಲದೆಂದೇ, ಪಾತ್ರಧಾರಿಗಳು ಬೆಳಕಿನ ಕಣಗಳಾಗಿ ಮಾಯವಾಗಿ ಬೇರೆಡೆ ಪ್ರತ್ಯಕ್ಷವಾಗುವ ಯಂತ್ರವನ್ನು ಕಲ್ಪಿಸಲಾಯಿತು. ಪ್ರತಿ ಕಂತಿನಲ್ಲೂ ನಷ್ಟ ಅನುಭವಿಸುತ್ತಿದ್ದ ಡೆಸಿಲು 1967ರಲ್ಲಿ ಗಲ್ಫ್ ಅಂಡ್ ವೆಸ್ಟರ್ನ್ ಸಮೂಹಕ್ಕೆ ಮಾರಾಟವಾಗಿ ಪ್ಯಾರಾಮೌಂಟ್‌ನಲ್ಲಿ ವಿಲೀನಗೊಂಡಿತು. ಧಾರಾವಾಹಿ ನಿಲ್ಲಲಿದೆಯೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಪತ್ರ ಚಳವಳಿ ಹೂಡಿದರು. 1968ರ ಜನವರಿಯಲ್ಲಿ ಕ್ಯಾಲ್ಟೆಕ್ ವಿದ್ಯಾರ್ಥಿಗಳು ವಾಹಿನಿಯ ಬರ್ಬ್ಯಾಂಕ್ ಕಚೇರಿಗೆ ಮೆರವಣಿಗೆ ಹೋದರು. ಮಾರ್ಚ್ ತಿಂಗಳಲ್ಲಿ ಎನ್‌ಬಿಸಿಯು ಧಾರಾವಾಹಿ ಮುಂದುವರಿಯುವುದಾಗಿ ಪ್ರಸಾರದ ನಡುವೆಯೇ ಪ್ರಕಟಿಸಿತು.

ಆದರೆ ದೊರೆತ ವಿಸ್ತರಣೆ ಬಹುಮಟ್ಟಿಗೆ ಹೆಸರಿಗಷ್ಟೇ ಇತ್ತು. ಯುವ ಪ್ರೇಕ್ಷಕರು ಮನೆಯಲ್ಲಿರದ ಶುಕ್ರವಾರ ರಾತ್ರಿ ಹತ್ತರ ವೇಳೆಯನ್ನು ಅದಕ್ಕೆ ನೀಡಲಾಯಿತು. ಮೊದಲ ವರ್ಷ ಪ್ರತಿ ಕಂತಿಗೆ ಸುಮಾರು 1.9 ಲಕ್ಷ ಡಾಲರ್ ಇದ್ದ ವೆಚ್ಚದ ಮಿತಿ ಮೂರನೆಯ ವರ್ಷದಲ್ಲಿ 1.8 ಲಕ್ಷದ ಆಸುಪಾಸಿಗೆ ಇಳಿಯಿತು. ಅದೇ ವೇಳೆಗೆ ಕಲಾವಿದರ ಸಂಭಾವನೆ ಒಪ್ಪಂದದಂತೆ ಏರುತ್ತಲೇ ಇತ್ತು. ಉಳಿತಾಯ ತೆರೆಯ ಮೇಲೆ ಕಾಣದಿರಲಿಲ್ಲ. ಒಂದು ಕಂತಿನಲ್ಲಿ ಪಶ್ಚಿಮ ಅಮೆರಿಕದ ಪಟ್ಟಣವೊಂದನ್ನು ತೋರಿಸಬೇಕಾಗಿ ಬಂದಾಗ ಕಟ್ಟಡಗಳ ಮುಂಭಾಗವನ್ನಷ್ಟೇ ನಿಲ್ಲಿಸಿ, ಅಪೂರ್ಣತೆಗೆ ಕಥೆಯೊಳಗೇ ಒಂದು ಸಮಜಾಯಿಷಿ ಒದಗಿಸಲಾಯಿತು. 1969ರಲ್ಲಿ 79 ಕಂತುಗಳಿಗೆ ಧಾರಾವಾಹಿ ನಿಂತಿತು. ನೂರಕ್ಕೆ ಇಪ್ಪತ್ತೊಂದು ಕಡಿಮೆಯಾದರೂ ಸ್ಥಳೀಯ ಕೇಂದ್ರಗಳ ಮರುಪ್ರಸಾರದಲ್ಲಿ ಅದು ಮೊದಲಿಗಿಂತ ಹೆಚ್ಚು ಜನರನ್ನು ತಲುಪಿ, 1979ರಲ್ಲಿ ಚಲನಚಿತ್ರವಾಗಿ, 1987ರಲ್ಲಿ ಹೊಸ ಧಾರಾವಾಹಿಯಾಗಿ ಮರುಹುಟ್ಟು ಪಡೆಯಿತು. ಗಮನಾರ್ಹವಾದ ಸಂಗತಿಯೆಂದರೆ, ಈ ಸಂಪತ್ತಿನ ಫಲ ಸಂದದ್ದು ಪ್ಯಾರಾಮೌಂಟ್‌ಗೆ. ಮೊದಲ ನಷ್ಟವನ್ನು ಹೊತ್ತ ಡೆಸಿಲು ಆ ವೇಳೆಗೆ ಅಸ್ತಿತ್ವದಲ್ಲೇ ಇರಲಿಲ್ಲ.

ತಾರೆಯರ ಏರುಬೆಲೆ

ಮೊದಲ ಕಂತಿನ ಚಿತ್ರೀಕರಣಕ್ಕೆ ಮುನ್ನವೇ ಹಲವು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕುವ ನಟನಿಗೆ ಚೌಕಾಸಿಯ ಶಕ್ತಿ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ವೈಯಕ್ತಿಕ ಸೇವೆಯ ಒಪ್ಪಂದವನ್ನು ಏಳು ವರ್ಷಗಳಾಚೆಗೆ ಬಲವಂತವಾಗಿ ಜಾರಿಗೊಳಿಸಲಾಗದು. 1944ರಲ್ಲಿ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ವಾರ್ನರ್ ಬ್ರದರ್ಸ್ ವಿರುದ್ಧ ಗೆದ್ದ ಮೊಕದ್ದಮೆ ಇದನ್ನು ದೃಢಪಡಿಸಿತು. ಧಾರಾವಾಹಿ ಯಶಸ್ವಿಯಾಗಿ ಒಪ್ಪಂದದ ಅವಧಿ ಮುಗಿಯುತ್ತ ಬಂದಂತೆ ತಕ್ಕಡಿ ನಟನ ಕಡೆಗೆ ವಾಲುತ್ತದೆ. ‘ಫ್ರೆಂಡ್ಸ್’ನ ಆರು ಮಂದಿ ಮೂರನೆಯ ವರ್ಷದಿಂದಲೇ ಒಟ್ಟಾಗಿ, ಎಲ್ಲರಿಗೂ ಸಮಾನ ಸಂಭಾವನೆ ಎಂಬ ನಿಲುವಿನಿಂದ ಮಾತುಕತೆ ನಡೆಸಿದರು. ಕಾರ್ಮಿಕ ಸಂಘಟನೆಯ ಈ ಹಳೆಯ ಪಾಠವನ್ನು ತಾರೆಯರು ಅಷ್ಟು ಶಿಸ್ತಿನಿಂದ ಪಾಲಿಸಿದ ನಿದರ್ಶನಗಳು ವಿರಳ.

ಇದಕ್ಕೆ ತದ್ವಿರುದ್ಧವಾದ ಮಾರ್ಗವನ್ನು ನಿರ್ಮಾಪಕ ಡಿಕ್ ವುಲ್ಫ್ ಹಿಡಿದರು. 1990ರಲ್ಲಿ ಆರಂಭವಾದ ಅವರ ‘ಲಾ ಅಂಡ್ ಆರ್ಡರ್’ನಲ್ಲಿ ಮೊದಲರ್ಧ ಪೊಲೀಸ್ ತನಿಖೆ, ಉತ್ತರಾರ್ಧ ನ್ಯಾಯಾಲಯದ ವಿಚಾರಣೆ. ಪಾತ್ರಗಳ ಮನೆ, ಸಂಸಾರಗಳ ವಿವರಕ್ಕೆ ಅಲ್ಲಿ ಎಡೆ ಕಡಿಮೆ. ಹೀಗಾಗಿ ನಟರು ಬಂದುಹೋಗುತ್ತಿದ್ದರೂ ಕಟ್ಟಡ ಅಲುಗಲಿಲ್ಲ. 2000ದಲ್ಲಿ ಸ್ಟೀವನ್ ಹಿಲ್ ನಿರ್ಗಮಿಸಿದ ಮೇಲೆ ಮೊದಲ ವರ್ಷದ ಪ್ರಧಾನ ನಟರಲ್ಲಿ ಒಬ್ಬರೂ ಉಳಿದಿರಲಿಲ್ಲ. ಆದರೂ ಧಾರಾವಾಹಿ ಇಪ್ಪತ್ತು ವರ್ಷ ಪೂರೈಸಿ 2010ರಲ್ಲಿ ನಿಂತು, 2022ರಲ್ಲಿ ಪುನಃ ಆರಂಭವಾಯಿತು.

ವೆಚ್ಚ ಉಳಿಸುವ ಹುಮ್ಮಸ್ಸಿನಲ್ಲಿ ವಾಹಿನಿಗಳು ಎಡವಿದ್ದೂ ಉಂಟು. 2009ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿಯು ರಾತ್ರಿ ಹತ್ತು ಗಂಟೆಯ ದುಬಾರಿ ಧಾರಾವಾಹಿಗಳನ್ನು ಬದಿಗಿರಿಸಿ, ವಾರದ ಐದು ದಿನವೂ ಜೇ ಲೆನೊ ಅವರ ಅಗ್ಗದ ಹರಟೆ ಕಾರ್ಯಕ್ರಮವನ್ನಿಟ್ಟಿತು. ವಾಹಿನಿಯ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹನ್ನೊಂದು ಗಂಟೆಯ ಸ್ಥಳೀಯ ವಾರ್ತೆಗಳಿಂದ ಆದಾಯ ಗಳಿಸುತ್ತಿದ್ದ ಅಂಗ ಕೇಂದ್ರಗಳು, ಹಿಂದಿನ ಕಾರ್ಯಕ್ರಮಕ್ಕೆ ಪ್ರೇಕ್ಷಕರಿಲ್ಲದೆ ತಮ್ಮ ವಾರ್ತೆಗೂ ಜನ ಬಾರದಾದಾಗ ಬಂಡೆದ್ದವು. ಐದು ತಿಂಗಳೊಳಗೆ ಕಾರ್ಯಕ್ರಮ ನಿಂತಿತು. ಕಾರ್ಖಾನೆಯ ಮಿತವ್ಯಯ ವಿತರಕನ ಅಂಗಡಿಯಲ್ಲಿ ನಷ್ಟವಾಗಿ ಪ್ರಕಟವಾದ ಪ್ರಸಂಗವಿದು.

ಒಡೆತನ ಬದಲಾದಾಗ

1970ರ ನಿಯಮವೊಂದರಂತೆ ವಾಹಿನಿಗಳು ತಾವು ಪ್ರಸಾರ ಮಾಡುವ ಹೊರಗಿನ ಧಾರಾವಾಹಿಗಳಲ್ಲಿ ಪಾಲು ಹೊಂದುವುದನ್ನು ಅಮೆರಿಕದ ಸಂಪರ್ಕ ಆಯೋಗ ನಿರ್ಬಂಧಿಸಿತ್ತು. 1993ರಲ್ಲಿ ಸಡಿಲಗೊಂಡ ಈ ನಿರ್ಬಂಧ 1995ರಲ್ಲಿ ಕೊನೆಗೊಂಡಿತು. ತರುವಾಯ ಪ್ರೇಕ್ಷಕರ ಸಂಖ್ಯೆ ಸಮನಾಗಿರುವ ಎರಡು ಧಾರಾವಾಹಿಗಳಲ್ಲಿ ತನ್ನದೇ ಸಹಸಂಸ್ಥೆಯದನ್ನು ಉಳಿಸಿಕೊಳ್ಳುವುದು ವಾಹಿನಿಗೆ ಸಹಜವಾಯಿತು. 2018ರ ಮೇ 10ರಂದು ಫಾಕ್ಸ್ ವಾಹಿನಿ ರದ್ದುಪಡಿಸಿದ ‘ಬ್ರೂಕ್ಲಿನ್ ನೈನ್-ನೈನ್’ ಅನ್ನು ಮರುದಿನವೇ ಎನ್‌ಬಿಸಿ ಎತ್ತಿಕೊಂಡಿತು. ಅಭಿಮಾನಿಗಳ ಕೂಗು ಅದಕ್ಕೆ ಕಾರಣವೆಂದು ಬಣ್ಣಿಸಲಾಯಿತಾದರೂ, ಅದರ ತಯಾರಕ ಯೂನಿವರ್ಸಲ್ ಸಂಸ್ಥೆ ಎನ್‌ಬಿಸಿಯ ಸೋದರ ಸಂಸ್ಥೆ ಎಂಬುದನ್ನು ಮರೆಯಲಾಗದು. ಕೂಗು ಮಾತ್ರವೇ ಆಧಾರವಾದಾಗ ಏನಾಗುವುದೆಂಬುದಕ್ಕೆ ‘ಜೆರಿಕೊ’ ಸಾಕ್ಷಿ. 2007ರಲ್ಲಿ ಅಭಿಮಾನಿಗಳು ಸಿಬಿಎಸ್ ಕಚೇರಿಗೆ ಟನ್ನುಗಟ್ಟಲೆ ಕಡಲೆಕಾಯಿ ಕಳುಹಿಸಿ ಪ್ರತಿಭಟಿಸಿದ ಮೇಲೆ ಏಳು ಕಂತುಗಳು ದೊರೆತವು; ಮರುವರ್ಷ ಅದು ಶಾಶ್ವತವಾಗಿ ನಿಂತಿತು. ವೆಚ್ಚಕ್ಕೆ ಪಾಲುದಾರರು ದೊರೆತ ಕಡೆ ಫಲಿತಾಂಶವೇ ಬೇರೆ. 2008ರಲ್ಲಿ ಉಪಗ್ರಹ ಸೇವಾ ಸಂಸ್ಥೆ ಡೈರೆಕ್‌ಟಿವಿ ಮೊದಲ ಪ್ರಸಾರದ ಹಕ್ಕಿಗಾಗಿ ಖರ್ಚು ಹಂಚಿಕೊಂಡುದರಿಂದ ‘ಫ್ರೈಡೇ ನೈಟ್ ಲೈಟ್ಸ್’ ಇನ್ನೂ ಮೂರು ಸೀಸನ್ ಬಾಳಿತು.

ಅಂತರ್ಜಾಲ ಸೇವೆಗಳು ಬಂದ ಬಳಿಕ ಲೆಕ್ಕ ಮತ್ತೆ ತಿರುಗಿದೆ. ನೆಟ್‌ಫ್ಲಿಕ್ಸ್ ಸಾಮಾನ್ಯವಾಗಿ ತಯಾರಿಕಾ ವೆಚ್ಚವನ್ನು ಪೂರ್ಣವಾಗಿ ತೆತ್ತು, ಅದರ ಮೇಲೊಂದಿಷ್ಟು ಲಾಭಾಂಶ ಸೇರಿಸಿ ಹಕ್ಕುಗಳನ್ನು ದೀರ್ಘಕಾಲ ತನ್ನಲ್ಲಿರಿಸಿಕೊಳ್ಳುತ್ತದೆ. ವಾಹಿನಿಯೇ ವೆಚ್ಚ ಭರಿಸಿ ಹಕ್ಕನ್ನು ಇರಿಸಿಕೊಳ್ಳುವುದು ವಾಡಿಕೆಯಾಗಿರುವ ನಮ್ಮ ಖಾಸಗಿ ವಾಹಿನಿಗಳ ದೈನಿಕ ಧಾರಾವಾಹಿಗಳ ತಯಾರಕರಿಗೆ ಈ ಕ್ರಮ ಅಪರಿಚಿತವೇನಲ್ಲ. ತಯಾರಕನಿಗೆ ನಷ್ಟದ ಭಯವಿಲ್ಲ, ಆದರೆ ದೊಡ್ಡ ಲಾಭದ ಆಸೆಯೂ ಇಲ್ಲ. ಕೊಳ್ಳುವವನಿಗೋ, ನೂರು ಕಂತು ಮುಟ್ಟಿಸುವ ಪ್ರೇರಣೆಯೇ ಇಲ್ಲವಾಗುತ್ತದೆ. ಸಂಭಾವನೆ ಏರುವ ಮೂರನೆಯ ವರ್ಷದಲ್ಲಿ ಹಳೆಯದನ್ನು ಕೈಬಿಟ್ಟು ಹೊಸದನ್ನು ಆರಂಭಿಸುವುದೇ ಲಾಭಕರವೆನಿಸುತ್ತದೆ. ಹಕ್ಕನ್ನು ಕೈಯಲ್ಲಿಟ್ಟುಕೊಂಡವರ ಸ್ಥಿತಿಯನ್ನು ಇದರೊಡನೆ ಹೋಲಿಸಬಹುದು: ನಿಂತು ಹದಿನೈದು ವರ್ಷವಾಗಿದ್ದ ‘ಫ್ರೆಂಡ್ಸ್’ನ ಐದು ವರ್ಷಗಳ ಹಕ್ಕಿಗೆ 2019ರಲ್ಲಿ 42.5 ಕೋಟಿ ಡಾಲರ್ ಬೆಲೆ ಕಟ್ಟಲಾಯಿತೆಂದು ವರದಿಯಾಯಿತು.

ಹಳೆಯ ವಾಹಿನಿಗಳು ಈಗ ಧಾರಾವಾಹಿಯನ್ನು ನಿಲ್ಲಿಸುವ ಬದಲು ಕುಗ್ಗಿಸುವ ಉಪಾಯವನ್ನೂ ಅನುಸರಿಸುತ್ತಿವೆ. 2023ರಲ್ಲಿ ಸಿಬಿಎಸ್‌ನ ‘ಬಾಬ್ ಹಾರ್ಟ್ಸ್ ಅಬಿಷೋಲಾ’ ಐದನೆಯ ವರ್ಷಕ್ಕೆ ವಿಸ್ತರಣೆ ಪಡೆದಾಗ ನಾಯಕ, ನಾಯಕಿ ಇಬ್ಬರನ್ನುಳಿದು ಮಿಕ್ಕ ಹನ್ನೊಂದು ಕಲಾವಿದರು ಕಾಯಂ ಸ್ಥಾನ ಕಳೆದುಕೊಂಡು ಕರೆದಾಗ ಬರುವವರಾದರು. ಅದೇ ವರ್ಷ ‘ಬ್ಲೂ ಬ್ಲಡ್ಸ್’ ಮುಂದುವರಿಯಲೆಂದು ಅದರ ಕಲಾವಿದರೂ ನಿರ್ಮಾಪಕರೂ ಶೇ. 25ರಷ್ಟು ಸಂಭಾವನೆ ಕಡಿತಕ್ಕೆ ಒಪ್ಪಿದರೆಂದು ವರದಿಯಾಯಿತು. ಆ ತ್ಯಾಗ ಕೊಂಡದ್ದು ಒಂದೇ ಸೀಸನ್. ಪ್ರೇಕ್ಷಕರ ಕೊರತೆಯಿಲ್ಲದಿದ್ದರೂ 2024ರ ಡಿಸೆಂಬರ್ 13ರಂದು 293ನೆಯ ಕಂತಿನೊಡನೆ ಅದು ಮುಕ್ತಾಯವಾಯಿತು. 2025ರ ಅಕ್ಟೋಬರ್‌ನಲ್ಲಿ ಅದೇ ವಾಹಿನಿ ಅದೇ ಶುಕ್ರವಾರ ರಾತ್ರಿ ಹತ್ತರ ವೇಳೆಗೆ ‘ಬಾಸ್ಟನ್ ಬ್ಲೂ’ ಎಂಬ ಹೊಸ ಧಾರಾವಾಹಿಯನ್ನು ಆರಂಭಿಸಿತು. ಹಳೆಯ ತಂಡದಿಂದ ಡಾನಿ ವಾಲ್‌ಬರ್ಗ್ ಪ್ರಧಾನ ಪಾತ್ರದಲ್ಲಿ ಮುಂದುವರಿದಿದ್ದಾರೆ. ಅವರ ಜೊತೆಯ ಮುಖ್ಯ ತಾರಾಗಣ ಹೊಸದು.