ಗೊಬ್ಬರಕ್ಕಿಂತ ಮೊದಲು ಸುಣ್ಣ

ಶಾಲೆಯ ಕೆಳಗಿನ ದಾರಿಯಲ್ಲಿ ಹೋದರೆ ಸಿಗುವ ಅಡಿಕೆ ತೋಟ ನಮ್ಮದು. ಎರಡು ವರ್ಷ ಅಪ್ಪ ಸಾಲ ಮಾಡಿ ಗೊಬ್ಬರ ತಂದು ಹಾಕಿದರು. ಆದರೂ ಸೋಗೆ ಹಳದಿಯೇ, ಫಸಲೂ ಕಡಿಮೆ. "ಹಾಕಿದ ಗೊಬ್ಬರ ಎಲ್ಲಿಗೆ ಹೋಗುತ್ತದೆ?" ಅಂತ ಅಮ್ಮ ಕೇಳಿದರು. ಅಪ್ಪ ಏನೂ ಹೇಳಲಿಲ್ಲ.

ಕಳೆದ ವರ್ಷ ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಟ್ಟೆವು. ತೋಟದ ಹತ್ತು ಕಡೆ ಗುಂಡಿ ತೆಗೆದು, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಬಟ್ಟೆ ಚೀಲಕ್ಕೆ ತುಂಬಿಸಿದ್ದು ನಾನೇ. ಬಂದ ಚೀಟಿಯಲ್ಲಿ ರಸಸಾರ, ಅಂದರೆ ಪಿ.ಎಚ್., 4.9 ಅಂತ ಇತ್ತು. ರಸಸಾರ 7 ಇದ್ದರೆ ಮಣ್ಣು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕಡಿಮೆಯಾದರೆ ಹುಳಿ. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚುತ್ತದೆ.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹೆಚ್ಚಾಗಿ ಮುರಕಲ್ಲಿನ ಮಣ್ಣು. ಜೋರು ಮಳೆಗೆ ಮಣ್ಣಿನ ಸುಣ್ಣದಂಶ, ಮೆಗ್ನೀಷಿಯಂ, ಪೊಟ್ಯಾಷ್ ತೊಳೆದು ತೋಡಿಗೆ ಹೋಗುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಇವು ನಾವು ಹಾಕಿದ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮನೆಯಲ್ಲಿ ಅಕ್ಕಿ ಮುಡಿ ಉಂಟು, ಆದರೆ ಬಿಚ್ಚಲಿಕ್ಕೆ ಆಗುವುದಿಲ್ಲ, ಹಾಗೆ. ಹೆಚ್ಚು ಹುಳಿಯಾದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗೂ ಪೆಟ್ಟು ಕೊಡುತ್ತದೆ. ಯೂರಿಯಾ ಹಾಕಿದಷ್ಟೂ ಹುಳಿ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ.

ಇದಕ್ಕೆ ಮದ್ದು ಸುಣ್ಣ. ಅಜ್ಜ ನಕ್ಕರು: "ಎಲೆಗೆ ಸುಣ್ಣ, ಕೊಳೆರೋಗದ ಮದ್ದಿಗೆ ಸುಣ್ಣ, ಇನ್ನು ಮಣ್ಣಿಗೂ ಸುಣ್ಣವಾ?" ಹೌದು. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ತಟಸ್ಥ ಆಗುತ್ತದೆ ಅಂತ ವಿಜ್ಞಾನ ಪಾಠದಲ್ಲಿ ಕಲಿತದ್ದು ಇದೇ.

ಮಣ್ಣು ಹುಳಿ ಇದ್ದರೆ ಅಡಿಕೆ ಮರಕ್ಕೆ 2-3 ವರ್ಷಕ್ಕೊಮ್ಮೆ ಸುಮಾರು ಅರ್ಧ ಕಿಲೋ ಸುಣ್ಣ ಸಾಕು. ಮಣ್ಣು ಹಸಿ ಇರುವಾಗ ಬುಡದ ಸುತ್ತ ಉದುರಿಸಿ ಮೇಲುಮಣ್ಣಿಗೆ ಸೇರಿಸಬೇಕು. ಗೊಬ್ಬರ ಹಾಕುವುದು ಎರಡು ಮೂರು ವಾರ ಕಳೆದು. ಯೂರಿಯಾದ ಜೊತೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ದುಡ್ಡೂ ಹೋಯಿತು. ಜಾಸ್ತಿ ಸುಣ್ಣ ಹಾಕಿದರೂ ಸತು, ಬೋರಾನ್ ಸಿಗದೆ ಮರ ಸೊರಗುತ್ತದೆ. ತರಕಾರಿ ಸಾಲಿಗೆ ನಮ್ಮ ಹಿರಿಯರು ಹಾಕುವ ಸುಡುಮಣ್ಣು ಕೂಡ ಒಳ್ಳೆಯದು. ಅದರ ಬೂದಿಯಲ್ಲಿ ಪೊಟ್ಯಾಷ್ ಉಂಟು, ಹುಳಿಯೂ ಇಳಿಯುತ್ತದೆ.

ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಲ್ಲಿ ಶುರುವಾದದ್ದು. ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂಬುದು ಅಲ್ಲಿಯ ವಿಜ್ಞಾನಿಗಳ ಲೆಕ್ಕ. ಆದರೆ ಮಣ್ಣು ಹುಳಿ ಇದ್ದರೆ ಇದರಲ್ಲಿ ಮರದ ಬಾಯಿಗೆ ಸಿಗುವುದು ಸ್ವಲ್ಪವೇ.

ಒಂದು ಮಾತು ನೆನಪಿಡಿ. ಸೋಗೆ ಹಳದಿಯಾದರೆಲ್ಲ ಹುಳಿಯೇ ಕಾರಣ ಅಲ್ಲ, ಹಳದಿ ರೋಗವೂ ಇರಬಹುದು. ಹಾಗಾಗಿ ಮೊದಲು ಪರೀಕ್ಷೆ.

ನಮ್ಮ ತೋಟಕ್ಕೆ ಸುಣ್ಣ ಹಾಕಿ ಒಂದು ವರ್ಷ ಆಯಿತು. ಹೊಸ ಸೋಗೆ ಸ್ವಲ್ಪ ಹಸಿರಾಗಿ ಬಂದಿದೆ. ಫಸಲು ಹೇಗೆ ಅಂತ ಇನ್ನು ನೋಡಬೇಕಷ್ಟೆ. ಸಾಲ ಇನ್ನೂ ಉಂಟು. ನಿಮ್ಮ ಮನೆಯಲ್ಲಿ ಈ ಸಲ ಗೊಬ್ಬರ ತರುವ ಮೊದಲು ಒಂದು ಚೀಲ ಮಣ್ಣು ಪರೀಕ್ಷೆಗೆ ಕೊಡಲಿಕ್ಕೆ ಹೇಳಿ. ಗುಂಡಿ ತೆಗೆಯಲಿಕ್ಕೆ ನಾನು ಬರುತ್ತೇನೆ.